ಗರ್ಭಕೋಶ ತಿರುಚಿಕೊಂಡರೆ ಕಾಯುತ್ತಾ ಕೂರಬೇಡಿ



ದಿನ ತುಂಬಿದ ಎಮ್ಮೆಯೋ ಹಸುವೋ ಬೆಳಗಿನಿಂದ ಮಲಗುತ್ತದೆ, ಏಳುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಕೆಚ್ಚಲು ಬಿಗಿದಿದೆ, ಆದರೆ ನೀರಿನ ಚೀಲ ಕಾಣುವುದಿಲ್ಲ. "ಇನ್ನೂ ಹೊತ್ತು ಬಂದಿಲ್ಲ" ಎಂದು ಮನೆಯವರು ಕಾಯುತ್ತಾರೆ. ಗರ್ಭಕೋಶ ತಿರುಚಿಕೊಂಡಿದ್ದರೆ, ಹೀಗೆ ಕಾಯುವ ಹೊತ್ತಿನಲ್ಲೇ ಕರು, ಮುಂದಿನ ಸೂಲು, ಕೆಲವೊಮ್ಮೆ ರಾಸೇ ಕೈತಪ್ಪಿ ಹೋಗುತ್ತದೆ.

ಏಕೆ ತಿರುಚಿಕೊಳ್ಳುತ್ತದೆ?

ಗರ್ಭಕೋಶವು ಎರಡು ಬದಿಯ ಅಗಲವಾದ ಪರದೆಗಳ ಆಧಾರದಿಂದ ಹೊಟ್ಟೆಯೊಳಗೆ ತೂಗಿಕೊಂಡಿರುತ್ತದೆ. ಗಬ್ಬ ಬಲಿತಂತೆ ಕರು ಇರುವ ಭಾಗ ಮುಂದಕ್ಕೆ ಚಾಚಿ ಭಾರವಾಗುತ್ತದೆ. ಆ ಭಾಗಕ್ಕೆ ಪರದೆಯ ಆಸರೆ ಸಾಲದು. ಹಸು, ಎಮ್ಮೆಗಳು ಏಳುವಾಗ ಹಿಂಗಾಲನ್ನು ಮೊದಲು ಎತ್ತುವುದರಿಂದ ಭಾರವಾದ ಗರ್ಭಚೀಲ ಆ ಕ್ಷಣ ಜೋತಾಡುತ್ತದೆ. ಆಗ ರಾಸು ಜಾರಿದರೆ, ಇನ್ನೊಂದು ರಾಸು ಗುದ್ದಿದರೆ, ಅಥವಾ ಕರು ಒಳಗೆ ಜೋರಾಗಿ ಹೊರಳಿದರೆ ಚೀಲ ಮಗುಚಿಕೊಳ್ಳಬಹುದು. ಕೊನೆಯ ತಿಂಗಳಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಿ ಈ ಅಪಾಯ ಹೆಚ್ಚು. ಹಸುವಿಗಿಂತ ಎಮ್ಮೆಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ.

ರಕ್ತ ನಿಂತರೆ ಏನಾಗುತ್ತದೆ?

ಒದ್ದೆ ಬಟ್ಟೆ ಹಿಂಡಿದಂತೆ ಗರ್ಭಕೋಶ ತಿರುಚಿದಾಗ ಅದರೊಂದಿಗೆ ರಕ್ತನಾಳಗಳೂ ತಿರುಚುತ್ತವೆ. ರಕ್ತ ಹೊರಗೊಯ್ಯುವ ನಾಳಗಳ ಗೋಡೆ ತೆಳು; ಅವು ಮೊದಲು ಮುಚ್ಚುತ್ತವೆ. ಒಳಬರುವ ರಕ್ತ ಹೊರಹೋಗಲಾರದೆ ಗರ್ಭಕೋಶ ಬಾತು ಕಪ್ಪಾಗುತ್ತದೆ. ಬಿಗಿ ಹೆಚ್ಚಿದರೆ ಒಳಬರುವ ನಾಳವೂ ಕಟ್ಟುತ್ತದೆ. ಆಮ್ಲಜನಕ ಸಿಗದೆ ಕರು ಸಾಯುತ್ತದೆ, ಗೋಡೆ ಸತ್ವ ಕಳೆದುಕೊಂಡು ಹರಿಯುವಷ್ಟು ಮೆತ್ತಗಾಗುತ್ತದೆ.

ಅಂಡಾಶಯ ಬಾದಾಮಿ ಬೀಜದಷ್ಟು ಚಿಕ್ಕದು. ಅದಕ್ಕೆ ರಕ್ತ ಕೊಡುವ ನಾಳವೂ ಇದೇ ಪರದೆಯಲ್ಲಿ ಸಾಗುತ್ತದೆ. ತಡವಾದಷ್ಟೂ ಅಂಡಾಶಯ, ಅಂಡನಾಳ, ಗರ್ಭಕೋಶಗಳು ಉರಿಯೂತದಿಂದ ಒಂದಕ್ಕೊಂದು ಅಂಟಿಕೊಳ್ಳುವ ಸಂಭವ ಹೆಚ್ಚು. ರಾಸು ಬದುಕಿದರೂ ಸರಿಯಾಗಿ ಬೆದೆಗೆ ಬಾರದಿರುವುದು, ಎಷ್ಟು ಸಲ ಕೊಡಿಸಿದರೂ ಗಬ್ಬ ನಿಲ್ಲದಿರುವುದು ಇದರಿಂದಲೂ ಆಗಬಹುದು.

ಗುರುತಿಸುವುದು ಹೇಗೆ?

• ಚಡಪಡಿಕೆ, ಹೊಟ್ಟೆಗೆ ಒದ್ದುಕೊಳ್ಳುವುದು, ಬಾಲ ಆಡಿಸುವುದು.
• ಹೆರಿಗೆಯ ಲಕ್ಷಣಗಳಿದ್ದರೂ ನೀರಿನ ಚೀಲ ಕಾಣದಿರುವುದು. ತಿಣುಕುವುದು ಕಡಿಮೆ, ಅಥವಾ ತಿಣುಕಿ ನಿಲ್ಲಿಸುವುದು.
• ಯೋನಿದ್ವಾರದ ಒಂದು ಬದಿ ಒಳಕ್ಕೆ ಎಳೆದಂತಿರುವುದು. ಇದು ಎಲ್ಲ ರಾಸುಗಳಲ್ಲೂ ಕಾಣುವುದಿಲ್ಲ.
• ಮೇವು, ಮೆಲುಕು ಬಿಡುವುದು.

ಒಂದೆರಡು ದಿನ ಕಳೆದ ಮೇಲೆ ಚಡಪಡಿಕೆ ತಾನಾಗಿ ನಿಂತು ರಾಸು ಮಂಕಾಗುವುದುಂಟು. ಇದನ್ನು ಗುಣವೆಂದು ತಿಳಿಯಬೇಡಿ.

ಏನು ಮಾಡಬೇಕು?

ಚಡಪಡಿಕೆ ಶುರುವಾಗಿ 6 ಗಂಟೆಯಾದರೂ ನೀರಿನ ಚೀಲ ಕಾಣದಿದ್ದರೆ, ರಾತ್ರಿಯಾದರೂ ಸರಿ, ಪಶುವೈದ್ಯರನ್ನು ಕರೆಯಿರಿ. ಸಂಘದ ಕಾರ್ಯದರ್ಶಿಗೆ ತಿಳಿಸಿ, ಅಥವಾ ಪಶು ಸಂಜೀವಿನಿಯ 1962 ಸಂಖ್ಯೆಗೆ ಫೋನ್ ಮಾಡಿ. ವೈದ್ಯರು ಕೈಹಾಕಿ ನೋಡಿ ತಿರುವು ಯಾವ ಕಡೆಗಿದೆ ಎಂದು ತಿಳಿಯುತ್ತಾರೆ. ನಂತರ ತಿರುಚಿದ ಬದಿಗೇ ರಾಸನ್ನು ಕೆಡವಿ, ಹೊಟ್ಟೆಯ ಮೇಲೆ ಹಲಗೆಯಿಟ್ಟು ಒತ್ತಿ, ಅದೇ ದಿಕ್ಕಿಗೆ ಹೊರಳಿಸುತ್ತಾರೆ. ವೈದ್ಯರು ಬರುವಷ್ಟರಲ್ಲಿ ಸುಮಾರು 10 ಅಡಿ ಉದ್ದ, ಒಂದು ಅಡಿ ಅಗಲದ ಗಟ್ಟಿ ಹಲಗೆ, ಹಗ್ಗ, ಹುಲ್ಲಿನ ಹಾಸು, ಬಿಸಿನೀರು ಸಿದ್ಧವಿಡಿ. ಐದಾರು ಜನರನ್ನು ಕೂಡಿಸಿ. ಹೊರಳಿಸಿದರೂ ಬಿಡದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ.

ತಿರುವು ಬಿಟ್ಟಿತೆಂದರೆ ಎಲ್ಲ ಮುಗಿಯಿತೆಂದಲ್ಲ. ಕಟ್ಟಿ ನಿಂತಿದ್ದ ರಕ್ತ ಮತ್ತೆ ಹರಿಯುವಾಗ ಅಲ್ಲಿ ಶೇಖರವಾಗಿದ್ದ ನಂಜೂ ಮೈಗೆ ಹರಡುತ್ತದೆ. ಬಳಲಿದ ಅಂಗಕ್ಕೆ ಎರಡನೆಯ ಪೆಟ್ಟು ಬೀಳುವುದು ಆಗಲೇ. ಅದಕ್ಕೇ ಗ್ಲೂಕೋಸ್, ಸಲೈನ್, ನೋವು ಮತ್ತು ಉರಿಯೂತ ಶಮನದ ಔಷಧಿ, ಪ್ರತಿಜೈವಿಕ ಕೊಡುತ್ತಾರೆ. ಇವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಒಂದೂವರೆ ತಿಂಗಳ ನಂತರ ಗರ್ಭಕೋಶ, ಅಂಡಾಶಯಗಳ ಪರೀಕ್ಷೆ ಮಾಡಿಸಿ, ಆಮೇಲೆಯೇ ಕೃತಕ ಗರ್ಭಧಾರಣೆ ಮಾಡಿಸಿ.

ಮಾಡಬಾರದ್ದು

• ನೋವು ಬರಿಸುವ ಇಂಜೆಕ್ಷನ್ ಹಾಕಿಸಬೇಡಿ. ದಾರಿ ಮುಚ್ಚಿರುವಾಗ ಗರ್ಭಕೋಶ ಹರಿಯಬಹುದು.
• ನೀವೇ ಕೈಹಾಕಿ ಎಳೆಯಬೇಡಿ.
• ದಿಕ್ಕು ತಿಳಿಯದೆ ಹೊರಳಿಸಬೇಡಿ. ತಿರುವು ಇನ್ನಷ್ಟು ಬಿಗಿಯುತ್ತದೆ.
• ಬಾಯಿಗೆ ಎಣ್ಣೆ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಮತ್ತೊಂದು ಆಪತ್ತು.

ಮುನ್ನೆಚ್ಚರಿಕೆ

ಗರ್ಭಧಾರಣೆಯ ದಿನಾಂಕವನ್ನು ಬರೆದಿಡಿ. ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಕೊನೆಯ ಎರಡು ತಿಂಗಳು ಜಾರದ, ಸಮತಟ್ಟಾದ ಜಾಗದಲ್ಲಿ ಬೇರೆಯಾಗಿ ಕಟ್ಟಿ. ಓಡಿಸುವುದು, ಏರು ಹತ್ತಿಸುವುದು, ಲಾರಿ ಅಥವಾ ಟೆಂಪೋದಲ್ಲಿ ಸಾಗಿಸುವುದು ಬೇಡ, ನಿಧಾನವಾಗಿ ಅಡ್ಡಾಡಿಸಿ. ಹೊಟ್ಟೆ ತುಂಬ ಒಣ, ಹಸಿ ಮೇವು ಕೊಡಿ. ದಿನ ತುಂಬಿದ ಎಮ್ಮೆಯನ್ನು ಕೆರೆಗೆ ಬಿಡದೆ ಮನೆಯಲ್ಲೇ ಮೈ ತೊಳೆಯಿರಿ.

ಕರೆಸಿ ನೋಡಿದಾಗ ತಿರುವು ಇಲ್ಲದಿದ್ದರೆ ನಷ್ಟವೇನೂ ಇಲ್ಲ. ತಿರುವು ಇದ್ದು ಕರೆಸದಿದ್ದರೆ ಆಗುವ ನಷ್ಟವನ್ನು ಮುಂದಿನ ಸೂಲಿನ ಹಾಲೂ ತುಂಬಿಕೊಡಲಾರದು.