ಶ್ರೀಮತಿ ಮ್ಯಾಗಿ ವಾಕರ್ ಅವರ ಸ್ಮರಣೆ

ಅಮೆರಿಕದ ರಿಚ್ಮಂಡ್ ನಗರದ ಕಪ್ಪು ಜನಾಂಗದಲ್ಲಿ 1864ರಲ್ಲಿ ಜನಿಸಿದ ಮ್ಯಾಗಿ ವಾಕರ್ ಅವರು, ಅಗಸಗಿತ್ತಿಯಾದ ತಾಯಿಯು ಒಗೆದ ಬಟ್ಟೆಗಳನ್ನು ಬಾಲ್ಯದಲ್ಲಿ ಮನೆಮನೆಗೂ ಮುಟ್ಟಿಸುತ್ತಿದ್ದರು. 1867ರಲ್ಲಿ ಮೇರಿ ಪ್ರೌಟ್ ಎಂಬಾಕೆ ಮೊದಲು ಸ್ತ್ರೀಯರಿಗೆಂದೇ ಸ್ಥಾಪಿಸಿದ ಸೇಂಟ್ ಲ್ಯೂಕ್ ಸಂಘವು ರೋಗಿಗಳಿಗೆ ನೆರವನ್ನೂ ಮೃತರ ಉತ್ತರಕ್ರಿಯೆಗೆ ಧನವನ್ನೂ ಒದಗಿಸುತ್ತಿತ್ತು. ಎಳೆವಯಸ್ಸಿನಲ್ಲಿಯೇ ಅದನ್ನು ಸೇರಿದ ಇವರು 1899ರಲ್ಲಿ ಕಾರ್ಯದರ್ಶಿನಿಯಾದಾಗ ಬೊಕ್ಕಸದಲ್ಲಿದ್ದುದು 31 ಡಾಲರು 61 ಸೆಂಟು ಮಾತ್ರ. ಸಾಲವೋ ಅದಕ್ಕಿಂತ ಬಹಳ ಹೆಚ್ಚು. ಹಿಂದಿನವರ ಸಂಬಳದಲ್ಲಿ ಮೂರರಲ್ಲೊಂದು ಪಾಲೇ ಸಾಕೆಂದು ಒಪ್ಪಿ, ಊರೂರು ಸುತ್ತಿ ಸದಸ್ಯರನ್ನು ಕೂಡಿಸಿದರು. 1903ರಲ್ಲಿ ಬಡವರ ಕಿರುಗಾಸನ್ನು ಕಾಯುವ ಬ್ಯಾಂಕನ್ನೂ ತೆರೆದರು. ಮುಂದೆ ಕಾಲುಗಳು ಸೋತು ಗಾಲಿಕುರ್ಚಿಯನ್ನು ಆಶ್ರಯಿಸಿದರೂ, 1934ರಲ್ಲಿ ತೀರಿಕೊಳ್ಳುವವರೆಗೆ ಹೊತ್ತ ಭಾರವನ್ನು ಇಳಿಸಲಿಲ್ಲ. ಕಾಸಿಗೆ ಕಾಸು ಕೂಡಿದರೆ ನಿರ್ಗತಿಕಳಾದ ಹೆಣ್ಣಿಗೂ ಆಸರೆಯುಂಟೆಂಬ ಇವರ ಪಾಠವನ್ನು ನಾವು ಮರೆಯಲಾಗದು.