ಬಿ.ಕಾಂ. ಎಲ್‌ಎಲ್‌.ಬಿ.ಗೆ ಯಾವ ಯೂನಿವರ್ಸಿಟಿ? ಸೀಟಿಗೆ ದುಡ್ಡು ಕಟ್ಟೋಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಹೋದ ಸಲ ಲೈವ್‌ನಲ್ಲಿ ಪುಣೆಯಿಂದ ಒಬ್ಬರು ಕೇಳಿದ್ರು: "ಸರ್, ಮಗ ಕಾಮರ್ಸ್ ಓದ್ತಿದಾನೆ, ಬಿ.ಕಾಂ. ಎಲ್‌ಎಲ್‌.ಬಿ. ಮಾಡ್ತೀನಿ ಅಂತಾನೆ. ಯಾವ ಯೂನಿವರ್ಸಿಟಿ ಒಳ್ಳೇದು?" ಅವತ್ತು ಎರಡು ನಿಮಿಷದಲ್ಲಿ ಏನೋ ಉತ್ತರ ಕೊಟ್ಟೆ. ಆಮೇಲೆ ಯೋಚನೆ ಮಾಡಿದ್ರೆ, ಅದು ಎರಡು ನಿಮಿಷದ ಪ್ರಶ್ನೆ ಅಲ್ಲ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ನಮ್ಮ ಮನೆಗೇ ಬಂದಿತ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಎಂ.ಟೆಕ್. ಮುಗಿಸಿ ಚೆನ್ನೈನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿರೋನು. ನಮ್ಮ ಮನೆಯಲ್ಲಿ ಕಾಲೇಜು ಆರಿಸೋದು ಅಂದ್ರೆ ಸಿಇಟಿ ರ‍್ಯಾಂಕು, ಕಟ್‌ಆಫ್ ಪಟ್ಟಿ, ಅಷ್ಟೇ ಗೊತ್ತಿದ್ದದ್ದು.

ದಾವಣಗೆರೆಯಲ್ಲಿ ನಮ್ಮ ಅಕ್ಕ, ಭಾವ ಇದ್ದಾರೆ. ಭಾವಂದು ಸಿಮೆಂಟು, ಕಬ್ಬಿಣದ ಅಂಗಡಿ. ಅವರ ಮಗಳು ಪುಟ್ಟಿ ಪಿಯುಸಿಯಲ್ಲಿ ಕಾಮರ್ಸ್ ತಗೊಂಡಿದ್ದಳು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಇದ್ದಾಗ ಅಂಗಡಿಗೆ ಒಂದು ಜಿಎಸ್‌ಟಿ ನೋಟಿಸ್ ಬಂತು. ಆಡಿಟರ್ ಹತ್ರ ಹೋದ್ರೆ "ಇದು ಹೈಕೋರ್ಟಿಗೆ ಹೋಗೋ ಹಾಗಿದೆ, ವಕೀಲರನ್ನ ನೋಡಿ" ಅಂದ್ರು. ವಕೀಲರ ಹತ್ರ ಹೋದ್ರೆ "ಲೆಕ್ಕದ್ದು ನಿಮ್ಮ ಆಡಿಟರ್ನೇ ಕೇಳಿ" ಅಂದ್ರು. ಆರು ತಿಂಗಳು ಭಾವ ಇಬ್ಬರ ಮಧ್ಯೆ ಓಡಾಡಿದ್ರು. ಇದನ್ನೆಲ್ಲ ನೋಡ್ತಿದ್ದ ಪುಟ್ಟಿಗೆ ಎರಡೂ ಗೊತ್ತಿರೋ ಒಬ್ಬರು ಯಾಕಿಲ್ಲ ಅನ್ನೋ ಪ್ರಶ್ನೆ ಹುಟ್ಟಿತು. ಅವಳ ಪ್ರಶ್ನೆ ಸರಿಯಾಗೇ ಇತ್ತು. ಜಿಎಸ್‌ಟಿ ಅಧಿಕಾರಿಗಳ ಮುಂದೆ, ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಸಿಎ ಕೂಡ ಹೋಗಬಹುದು, ವಕೀಲರೂ ಹೋಗಬಹುದು. ಆದರೆ ಹೈಕೋರ್ಟಿನಲ್ಲಿ ನಿಂತು ವಾದ ಮಾಡೋಕೆ ವಕೀಲರೇ ಬೇಕು.

2024ರ ಮೇ ತಿಂಗಳು, ಒಂದು ಶುಕ್ರವಾರ ರಾತ್ರಿ ಅಕ್ಕನ ಫೋನ್. "ಲೋ, ಬಿ.ಕಾಂ. ಎಲ್‌ಎಲ್‌.ಬಿ. ಸೀಟು ಸಿಕ್ಕಿದೆ ಕಣೋ. ಸೋಮವಾರದೊಳಗೆ ಒಂದು ಲಕ್ಷ ಕಟ್ಟಬೇಕಂತೆ. ಲಾ ಇಷ್ಟ ಆಗ್ಲಿಲ್ಲ ಅಂದ್ರೆ ಮೂರು ವರ್ಷಕ್ಕೆ ಬಿ.ಕಾಂ. ತಗೊಂಡು ಹೊರಗೆ ಬರಬಹುದಂತೆ. ಕಟ್ಟಿಬಿಡ್ಲಾ?" ಅದೊಂದು ಖಾಸಗಿ ವಿಶ್ವವಿದ್ಯಾಲಯ. ಹೆಸರು ಬೇಡ. ಭಾವ ಒಪ್ಪಿಕೊಂಡಿದ್ದೇ ಆ ಕೊನೆ ಮಾತಿನ ಮೇಲೆ. ಏನೂ ಇಲ್ಲ ಅಂದ್ರೂ ಒಂದು ಬಿ.ಕಾಂ. ಆದ್ರೂ ಕೈಯಲ್ಲಿರುತ್ತೆ ಅನ್ನೋ ಧೈರ್ಯ ಅವರಿಗೆ.

ಶನಿವಾರ ಬೆಳಗ್ಗೆ ಕೂತು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳನ್ನ ಓದಿದೆ. 13ನೇ ನಿಯಮ ಸ್ಪಷ್ಟವಾಗಿದೆ: ಐದು ವರ್ಷದ ಜೋಡಿ ಪದವಿಯನ್ನು ಮಧ್ಯದಲ್ಲಿ ಒಡೆದು ಒಂದು ಪದವಿ ಕೊಟ್ಟು ಕಳಿಸುವ ಹಾಗಿಲ್ಲ. ಬಿ.ಕಾಂ. ಆದವರು ನೇರ ನಾಲ್ಕನೇ ವರ್ಷಕ್ಕೆ ಸೇರುವ ಹಾಗೂ ಇಲ್ಲ. ಅಂದ್ರೆ ಮೂರು ವರ್ಷ ಓದಿ ಬಿಟ್ಟರೆ ಕೈಯಲ್ಲಿ ಉಳಿಯೋದು ಅಂಕಪಟ್ಟಿ ಮಾತ್ರ, ಪದವಿ ಅಲ್ಲ.

ಅಕ್ಕನಿಗೆ ಫೋನ್ ಮಾಡಿ ದುಡ್ಡು ಕಟ್ಟಬೇಡ ಅಂದೆ. ಅಡ್ಮಿಷನ್ ಆಫೀಸಿನವರಿಗೆ, ಮಧ್ಯದಲ್ಲಿ ಬಿ.ಕಾಂ. ಕೊಡ್ತೀವಿ ಅಂತ ಲಿಖಿತವಾಗಿ ಕೊಡಿ ಎಂದು ಮೇಲ್ ಹಾಕಿಸಿದೆ. ಉತ್ತರ ಬರಲೇ ಇಲ್ಲ. ಸೋಮವಾರ ಸೀಟು ಹೋಯ್ತು. ಅಕ್ಕ ನನ್ನ ಹತ್ರ ಮೂರು ವಾರ ಮಾತಾಡಲಿಲ್ಲ.

ಮೊದಲು ಕೋರ್ಸು, ಆಮೇಲೆ ಕಾಲೇಜು

ನಡುವೆ ಬಾಗಿಲಿಲ್ಲ ಅಂದ ಮೇಲೆ ಮೊದಲ ಪ್ರಶ್ನೆ, ಐದು ವರ್ಷದ ಜೋಡಿ ಕೋರ್ಸೇ ಬೇಕಾ ಅನ್ನೋದು. ಇನ್ನೊಂದು ದಾರಿ ಇದೆ: ಮೂರು ವರ್ಷ ಬಿ.ಕಾಂ., ಆಮೇಲೆ ಮೂರು ವರ್ಷ ಎಲ್‌ಎಲ್‌.ಬಿ., ಒಟ್ಟು ಆರು. ಒಂದು ವರ್ಷ ಜಾಸ್ತಿ. ಆದರೆ ಬಿ.ಕಾಂ. ಮುಗಿದಾಗ ಮನಸ್ಸು ಬದಲಾಯಿಸಬಹುದು, ಸಿಎ ಕಡೆ ಹೋಗಬಹುದು, ಕೆಲಸಕ್ಕೂ ಸೇರಬಹುದು. ವಕೀಲಿಕೆಗೆ ಎರಡು ದಾರಿಯೂ ಒಂದೇ; ಸನ್ನದು ಒಂದೇ, ಅಖಿಲ ಭಾರತ ಬಾರ್ ಪರೀಕ್ಷೆಯೂ ಒಂದೇ.

ಮಗುವಿಗೆ ಕಾನೂನು ಬೇಕೇ ಬೇಕು ಅನ್ನೋದು ಖಚಿತ ಇದ್ರೆ ಐದು ವರ್ಷ ಸರಿ. "ನೋಡೋಣ, ಇರ್ಲಿ" ಅನ್ನೋ ಸ್ಥಿತಿ ಇದ್ರೆ ಆರು ವರ್ಷದ ದಾರಿಯೇ ಕ್ಷೇಮ. ನ್ಯಾಯಾಧೀಶರಾಗೋ ಆಸೆ ಇದ್ರೆ ಇನ್ನೊಂದು ಲೆಕ್ಕ ಸೇರಿಸಿಕೊಳ್ಳಿ: 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಅಂತ ಹೇಳಿದೆ. ಐದು ಮುಗಿದ ತಕ್ಷಣ ಪರೀಕ್ಷೆ ಬರೆಯೋ ಕಾಲ ಹೋಯ್ತು.

ನನ್ನ ಎಕ್ಸೆಲ್ ಶೀಟು ಎಲ್ಲಿ ತಪ್ಪಿತು

ನಮ್ಮ ಜಾತಿ ಗೊತ್ತಲ್ಲ, ಐಟಿಯವರು, ಏನೇ ಬಂದ್ರೂ ಒಂದು ಎಕ್ಸೆಲ್ ಶೀಟು. ನಾನೂ ಮಾಡಿದೆ. ರ‍್ಯಾಂಕಿಂಗ್, ಫೀಸು, ಪ್ಲೇಸ್‌ಮೆಂಟ್, ಕ್ಯಾಂಪಸ್ ಎಷ್ಟು ಎಕರೆ, ಎಲ್ಲದಕ್ಕೂ ಅಂಕ. ಮೊದಲ ಫಿಲ್ಟರೇ ತಪ್ಪಾಗಿತ್ತು. "ಬಿ.ಕಾಂ. ಎಲ್‌ಎಲ್‌.ಬಿ." ಅನ್ನೋ ಹೆಸರು ಇರೋ ಕಡೆ ಮಾತ್ರ ಹುಡುಕಿದ್ದೆ.

ಆ ಹೆಸರಿನ ಕೋರ್ಸ್ ಇರೋ ಕಡೆಗಳಿವೆ. ತಿರುಚಿರಾಪಳ್ಳಿಯ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಚೆನ್ನೈಯಲ್ಲಿ ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಎಕ್ಸಲೆನ್ಸ್, ತಂಜಾವೂರಿನ ಶಾಸ್ತ್ರ, ಅಹಮದಾಬಾದಿನ ನಿರ್ಮಾ. ಆದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ, ಹೈದರಾಬಾದಿನ ನಲ್ಸಾರ್‌ನಲ್ಲಿ ಇರೋದು ಬಿ.ಎ. ಎಲ್‌ಎಲ್‌.ಬಿ. ಪುಣೆಯ ಸಿಂಬಯಾಸಿಸ್‌ನಲ್ಲಿ ಬಿ.ಎ. ಮತ್ತು ಬಿ.ಬಿ.ಎ. ಮುಂಬೈ ವಿಶ್ವವಿದ್ಯಾಲಯದಲ್ಲಿ ಅದರ ಹೆಸರೇ ಬಿ.ಎಲ್‌.ಎಸ್‌. ಎಲ್‌ಎಲ್‌.ಬಿ. ಹೆಸರು ಹಿಡಿದು ಹುಡುಕಿದ್ರೆ ಇವೆಲ್ಲ ಪಟ್ಟಿಯಿಂದ ಬಿದ್ದುಹೋಗ್ತವೆ.

ಕಾನೂನಿನ ಭಾಗ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬಾರ್ ಕೌನ್ಸಿಲ್ 20 ಕಡ್ಡಾಯ ಕಾನೂನು ಪತ್ರಿಕೆ, 4 ಪ್ರಾಯೋಗಿಕ ಪತ್ರಿಕೆ, ಕನಿಷ್ಠ 6 ಐಚ್ಛಿಕ ಪತ್ರಿಕೆ ಅಂತ ನಿಗದಿ ಮಾಡಿದೆ. ಆನರ್ಸ್ ಆದ್ರೆ ಇನ್ನೂ 8. ಕಂಪನಿ ಕಾನೂನು, ತೆರಿಗೆ ಕಾನೂನು ಬಿ.ಎ.ಯವರೂ ಓದ್ತಾರೆ. ವ್ಯತ್ಯಾಸ ಇರೋದು ಉಳಿದ ಭಾಗದಲ್ಲಿ. ಅಲ್ಲಿ ಈ ಮೂರು ನೋಡಿ.

ಒಂದು, ಕಾಮರ್ಸ್ ಪತ್ರಿಕೆ ಎಷ್ಟಿವೆ, ಅದರಲ್ಲಿ ಫೈನಾನ್ಷಿಯಲ್ ಅಕೌಂಟಿಂಗ್, ಕಾರ್ಪೊರೇಟ್ ಅಕೌಂಟಿಂಗ್, ಆಡಿಟಿಂಗ್ ಇವೆಯಾ, ಇಲ್ಲ ಬರೀ "ವ್ಯವಹಾರ ಪರಿಚಯ"ದ ಥರದವೇ ತುಂಬಿವೆಯಾ. ಬ್ಯಾಲೆನ್ಸ್ ಶೀಟ್ ಓದೋಕೆ ಬರದ ಹುಡುಗಿ ದಿವಾಳಿ ಕೇಸಿನಲ್ಲಿ ಏನು ಮಾಡ್ತಾಳೆ?

ಎರಡು, ಆ ಪತ್ರಿಕೆಗಳನ್ನ ಕಾಯಂ ಅಧ್ಯಾಪಕರು ಹೇಳಿಕೊಡ್ತಾರಾ, ಅತಿಥಿ ಉಪನ್ಯಾಸಕರಾ. ವೆಬ್‌ಸೈಟಿನ ಫ್ಯಾಕಲ್ಟಿ ಪುಟ ತೆಗೆದು ಕಾಮರ್ಸ್‌ನವರು ಎಷ್ಟು ಜನ ಅಂತ ಎಣಿಸಿ. ಐದೇ ನಿಮಿಷದ ಕೆಲಸ.

ಮೂರು, ಸಿಲಬಸ್ ಯಾವ ಕಾಲದ್ದು. 2016ರ ದಿವಾಳಿ ಸಂಹಿತೆ, 2017ರ ಜಿಎಸ್‌ಟಿ ಇವೆಲ್ಲ ಪೂರ್ಣ ಪತ್ರಿಕೆಯಾಗಿ ಇವೆಯಾ, ಇಲ್ಲ ಒಂದು ಯೂನಿಟ್ಟಿಗೆ ಸೀಮಿತವಾಗಿವೆಯಾ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಅದು ಪಾಠಕ್ಕೆ ಬಂತಾ ಅಂತ ಕೇಳಿ.

ಊರು ಮುಖ್ಯ

ಐದು ವರ್ಷದಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಒಂದೇ ಸಮನೆ 4 ವಾರಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಹಾಗಾಗಿ ಹತ್ತಿರದಲ್ಲಿ ಏನಿದೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ಕಾಮರ್ಸ್ ಕಾನೂನಿಗೆ ಮುಂಬೈ ದೊಡ್ಡ ಊರು: ಸೆಬಿ, ರಿಸರ್ವ್ ಬ್ಯಾಂಕ್, ಷೇರು ಮೇಲ್ಮನವಿ ನ್ಯಾಯಮಂಡಳಿ ಎಲ್ಲ ಅಲ್ಲೇ. ದೆಹಲಿಯಲ್ಲಿ ಸುಪ್ರೀಂ ಕೋರ್ಟ್, ಕಾಂಪಿಟಿಷನ್ ಕಮಿಷನ್, ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ. ಆ ಮೇಲ್ಮನವಿ ಮಂಡಳಿಯ ಇನ್ನೊಂದು ಪೀಠ ಚೆನ್ನೈನಲ್ಲಿದೆ. ಕರ್ನಾಟಕದ ಕೇಸುಗಳೂ ಅಲ್ಲಿಗೇ ಬರುತ್ತವೆ. ಹೈದರಾಬಾದಿನಲ್ಲಿ ವಿಮಾ ಪ್ರಾಧಿಕಾರ ಇದೆ. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ ನಾಲ್ಕೂ ಕಡೆ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠಗಳಿವೆ. ನೂರು ಎಕರೆ ಕ್ಯಾಂಪಸ್ ಇದ್ದು ಹತ್ತಿರದ ಕೋರ್ಟಿಗೆ ಮೂರು ಗಂಟೆ ಬಸ್ಸು ಅಂದ್ರೆ, ಇಂಟರ್ನ್‌ಶಿಪ್ಪಿಗೆ ಪ್ರತಿ ಸಲ ಬೇರೆ ಊರಲ್ಲಿ ಪಿ.ಜಿ. ಹಿಡಿಯೋ ಖರ್ಚೂ ಸೇರಿಸಿಕೊಳ್ಳಿ.

ಹೊರಗಿರೋ ನಮ್ಮಂಥವರಿಗೆ

ಇದು ನಮ್ಮಲ್ಲಿ ತುಂಬಾ ಜನಕ್ಕೆ ತಡವಾಗಿ ಗೊತ್ತಾಗೋ ವಿಷಯ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಾತಿ ಇದೆ. ಆದರೆ ಅಲ್ಲಿ "ಕರ್ನಾಟಕದ ವಿದ್ಯಾರ್ಥಿ" ಅಂದ್ರೆ ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರೋರು. ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಅಪ್ಪ ಅಮ್ಮನ ಊರು ಹಾಸನ ಅಂದ್ರೆ ನಡೆಯಲ್ಲ. ಪುಣೆಯಲ್ಲೋ ದೆಹಲಿಯಲ್ಲೋ ಓದಿದ ಮಗು ಅಲ್ಲಿ ಹೊರಗಿನವರ ಲೆಕ್ಕ. ಇರೋ ರಾಜ್ಯದಲ್ಲಿ ಡೊಮಿಸೈಲ್ ಕಾಗದ ಮಾಡಿಸದಿದ್ರೆ ಅಲ್ಲೂ ಹೊರಗಿನವರೇ. ಮಗು ಒಂಬತ್ತನೇ ಕ್ಲಾಸಿನಲ್ಲಿ ಇರುವಾಗಲೇ ಎರಡೂ ರಾಜ್ಯದ ನಿಯಮ ನೋಡಿಟ್ಟುಕೊಳ್ಳಿ.

ಭಾಷೆಯದ್ದೂ ಇದೆ. ಹೈಕೋರ್ಟು, ಸುಪ್ರೀಂ ಕೋರ್ಟಿನಲ್ಲಿ ಇಂಗ್ಲಿಷ್ ಸಾಕು. ಆದರೆ ಕರ್ನಾಟಕದ ಕೆಳಗಿನ ಕೋರ್ಟುಗಳಲ್ಲಿ ಕನ್ನಡ ಓದಿ ಬರೆಯೋಕೆ ಬರಲೇಬೇಕು. ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೇ ಇದೆ. ಮಗು ಮುಂದೆ ಊರಿಗೆ ಬಂದು ಪ್ರಾಕ್ಟೀಸ್ ಮಾಡುತ್ತೆ ಅನ್ನೋ ಆಸೆ ಇದ್ರೆ ಅಕ್ಷರ ಈಗಲೇ ಕಲಿಸಿ.

ಪ್ರವೇಶ ಪರೀಕ್ಷೆಗಳು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್: 120 ಪ್ರಶ್ನೆ, 2 ಗಂಟೆ, ತಪ್ಪಾದ ಪ್ರತಿ ಉತ್ತರಕ್ಕೆ ಕಾಲು ಅಂಕ ಕಡಿತ. ಅದು ನಡೆಯೋದು ಹಿಂದಿನ ಡಿಸೆಂಬರಿನಲ್ಲಿ, ಅಂದ್ರೆ ಪಿಯುಸಿ ಪರೀಕ್ಷೆಗೂ ಮುಂಚೆ. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂತವರಿಗೆ ಆ ವರ್ಷ ತಪ್ಪಿಹೋಗುತ್ತೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಐಲೆಟ್, ಸಿಂಬಯಾಸಿಸ್‌ಗೆ ಸ್ಲಾಟ್, ಮಹಾರಾಷ್ಟ್ರದ ಕಾಲೇಜುಗಳಿಗೆ ಎಂಎಚ್ ಸಿಇಟಿ ಲಾ, ತೆಲಂಗಾಣಕ್ಕೆ ಲಾಸೆಟ್. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೇ ಸೀಟು. ಎಲ್ಲೇ ಸೇರಿಸಿದ್ರೂ ಬಾರ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೆ ಇದೆಯಾ ಅನ್ನೋದನ್ನ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ.

ಸಾಲದ ಲೆಕ್ಕ

ಭಾವ ವರ್ಷಕ್ಕೆ 3 ಲಕ್ಷದಂತೆ 15 ಲಕ್ಷ ಸಾಲ ತೆಗೆಯೋಕೆ ತಯಾರಿದ್ರು. ಶೇ. 10 ಬಡ್ಡಿ ಅಂತ ಇಟ್ಟುಕೊಳ್ಳಿ. ಓದೋ ಐದು ವರ್ಷ, ಮೇಲೊಂದು ವರ್ಷ ಕಂತು ಇಲ್ಲ, ಆದರೆ ಬಡ್ಡಿ ಓಡ್ತಾನೇ ಇರುತ್ತೆ. ಸರಳ ಬಡ್ಡಿಯಲ್ಲೇ 6 ಲಕ್ಷ ಆಗುತ್ತೆ. ಕಂತು ಶುರುವಾಗೋ ದಿನ ಸಾಲ 21 ಲಕ್ಷ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 27,700 ರೂಪಾಯಿ. ಹೊಸದಾಗಿ ಸೀನಿಯರ್ ಹತ್ರ ಸೇರೋ ಜೂನಿಯರ್ ವಕೀಲೆಗೆ ಮೊದಲ ಎರಡು ಮೂರು ವರ್ಷ ಕೈಗೆ ಬರೋದು ಎಷ್ಟು ಅಂತ ನಿಮಗೆ ಗೊತ್ತಿರೋ ವಕೀಲರನ್ನೇ ಕೇಳಿ ನೋಡಿ. ಇಷ್ಟು ಕಂತು ಇದ್ರೆ ಅವಳು ಕೋರ್ಟಿಗೆ ಹೋಗೋಕೇ ಆಗಲ್ಲ, ಸಂಬಳ ಸಿಗೋ ಕಡೆಗೇ ಹೋಗಬೇಕು. ಅಂದ್ರೆ ಅವಳು ಏನಾಗ್ತಾಳೆ ಅನ್ನೋದನ್ನ ಸಾಲವೇ ತೀರ್ಮಾನ ಮಾಡಿಬಿಡುತ್ತೆ.

ಕೊನೆಗೆ ಏನಾಯ್ತು

ಈ ಲೆಕ್ಕ ನೋಡಿದ ಮೇಲೆ ಪುಟ್ಟಿನೇ ಹೇಳಿದಳು, "ಮಾಮ, ನಂಗೆ ಅಪ್ಪನ ನೋಟಿಸ್ ಥರದ್ದು ಕೇಸ್ ಮಾಡ್ಬೇಕು. ಕಂಪನಿಗೆ ಸೇರೋಕಲ್ಲ." ಬೆಂಗಳೂರಿನಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಒಂದು ಕಾಲೇಜಿಗೆ ಸೇರಿದಳು, ಬಿ.ಬಿ.ಎ. ಎಲ್‌ಎಲ್‌.ಬಿ.ಗೆ. ಹೆಸರಿನಲ್ಲಿ ಬಿ.ಕಾಂ. ಇಲ್ಲ, ಸಾಲವೂ ಇಲ್ಲ. ರಜೆಯಲ್ಲಿ ಒಬ್ಬ ತೆರಿಗೆ ವಕೀಲರ ಆಫೀಸಿಗೆ ಹೋಗ್ತಾಳೆ. ಅಕೌಂಟಿಂಗ್ ಪತ್ರಿಕೆ ಸಾಲದು ಅನ್ನಿಸಿ ಸಂಜೆ ಅಪ್ಪನ ಅಂಗಡಿ ಲೆಕ್ಕವನ್ನ ಟ್ಯಾಲಿಯಲ್ಲಿ ಅವಳೇ ಹಾಕ್ತಾಳೆ.

ನಷ್ಟ ಇಲ್ಲ ಅಂತಲ್ಲ. ದೊಡ್ಡ ಕಾರ್ಪೊರೇಟ್ ಲಾ ಫರ್ಮ್‌ಗಳು ಅವಳ ಕಾಲೇಜಿಗೆ ಕ್ಯಾಂಪಸ್ಸಿಗೆ ಬರಲ್ಲ. ಅದೇ ಬೇಕು ಅನ್ನೋ ಮಗುವಿಗೆ ಕ್ಲಾಟ್ ಬರೆಸಿ, ಮೇಲಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೇ ಪ್ರಯತ್ನ ಮಾಡಿಸಿ. ಅಲ್ಲಿ ಸಾಲ ತೆಗೆದ್ರೂ ತೀರಿಸೋ ದಾರಿ ಇರುತ್ತೆ. ಅದಕ್ಕೇ ಪುಣೆಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಮಗ ಐದು ವರ್ಷ ಆದ ಮೇಲೆ ಯಾವ ಬಾಗಿಲ ಮುಂದೆ ನಿಂತಿರಬೇಕು ಅಂತ ಅವನನ್ನೇ ಕೇಳಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅಂಗಡಿಗೆ ಮತ್ತೆ ಒಂದು ನೋಟಿಸ್ ಬಂದಿದೆಯಂತೆ. ಉತ್ತರದ ಮೊದಲ ಕರಡು ಪುಟ್ಟಿ ಬರೆದಳಂತೆ, ಆಡಿಟರ್ ಎರಡು ಕಡೆ ತಿದ್ದಿ ಕಳಿಸಿದ್ರಂತೆ. ನಿಮ್ಮ ಮನೆಯಲ್ಲೂ ಈ ವರ್ಷ ಯಾರಾದ್ರೂ ಕಾನೂನು ಓದೋ ಯೋಚನೆಯಲ್ಲಿದ್ರೆ ಯಾವ ಊರು, ಯಾವ ಕೋರ್ಸು ಅಂತ ಬರೆದು ಕಳಿಸಿ. ಮುಂದಿನ ಲೈವ್‌ನಲ್ಲಿ ಮಾತಾಡೋಣ.