ವಿದೇಶಕ್ಕೆ ಹೊರಡುವ ಮುನ್ನ ಹೆಸರು ಸರಿಯಿರಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಕ್ಕಳ ಹೆಸರಿಗೆ ಊರು ಹಾಗೂ ತಂದೆಯ ಹೆಸರಿನ ಮೊದಲಕ್ಷರ ಸೇರಿಸುವುದು ರೂಢಿ. ಕೆಲವರಿಗೆ ಇರುವುದು ಒಂದೇ ಹೆಸರು. ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೊರಟಾಗ ಮಾತ್ರ ಮೊದಲ ತೊಡಕು ಇಲ್ಲಿಯೇ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಉದಾಹರಣೆಗೆ, ಶಾಲೆಯ ಎಂ.ಆರ್. ಸುರೇಶ ಅಲ್ಲಿ ಮಧುಗಿರಿ ರಂಗಪ್ಪ ಸುರೇಶ ಆಗುತ್ತಾನೆ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದರೆ ವೀಸಾ ಹೊತ್ತಿಗೆ ಪರದಾಟ. ಒಂದೇ ಹೆಸರಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುನೈಟೆಡ್ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಹೇಳಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಿತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇನ್ನೊಂದು ಬೆಲೆಯೂ ಇದೆ. ಹತ್ತನೇ ತರಗತಿ ಪಾಸಾಗದವರು ಸೌದಿ ಅರೇಬಿಯಾ, ಕುವೈತ್ ಮೊದಲಾದ ದೇಶಗಳಿಗೆ ದುಡಿಯಲು ಹೋಗುವಾಗ ಸಾಮಾನ್ಯವಾಗಿ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಪಾಸಾದವರಿಗೆ ಈ ಅಲೆದಾಟವಿಲ್ಲ.

ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ಬಾಳುತ್ತದೆ. ಆದರೆ ಅನೇಕ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ತಾರೀಖು ನೋಡಿಕೊಳ್ಳಬೇಕು.

ಪಾಲಕರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಮಗುವಿನ ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರನ್ನೂ ಒಟ್ಟಿಗಿಟ್ಟು, ಹೆಸರು ಮತ್ತು ಹುಟ್ಟಿದ ದಿನ ಅಕ್ಷರಕ್ಷರ ತಾಳೆ ನೋಡಲಿ. ತಪ್ಪಿದ್ದರೆ ಹತ್ತನೇ ತರಗತಿ ಪರೀಕ್ಷೆಗೆ ನೋಂದಾಯಿಸುವ ಮೊದಲೇ ತಿದ್ದಿಸುವುದು ಸುಲಭ.